ಕತ್ತೆ, ಕತೆ ಮತ್ತು ನಿಮಿಷಕ್ಕೆ 60 ಪದ

ಮೂರನೆಯ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥ ಮಾಡಿಕೊಂಡು ಓದಬೇಕು. 2021ರ ಜುಲೈನಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮ ಇಟ್ಟ ಗುರಿ ಇದು. ಅಂದಿನಿಂದ ನಮ್ಮಂಥ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರ ಕೊರಳಿಗೆ ಗಡಿಯಾರವೊಂದು ಬಿದ್ದಿದೆ. ತರಬೇತಿಗೆ ಹೋದರೂ ಅದೇ ಮಾತು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಶಾಲೆಗೆ ಬಂದರೂ ಅದೇ ಪ್ರಶ್ನೆ: ‘ನಿಮ್ಮ ಮಕ್ಕಳು ಎಷ್ಟು ಓದುತ್ತಾರೆ ಮೇಡಂ?’ ಎಷ್ಟು ಎಂಬುದಕ್ಕೆ ಉತ್ತರ ಸುಲಭ. ಹೇಗೆ ಓದುತ್ತಾರೆ ಎಂದು ಯಾರಾದರೂ ಕೇಳಿದರೆ ಅರ್ಧ ದಿನ ಮಾತನಾಡುವಷ್ಟು ಸರಕು ನನ್ನಲ್ಲಿದೆ. ಕೇಳುವವರಿಲ್ಲದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಅಳತೆಯೇ ಬೇಡ ಎನ್ನುವವಳಲ್ಲ ನಾನು. ನಲಿ–ಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಪ್ರತಿಯೊಬ್ಬರನ್ನೂ ಪಕ್ಕಕ್ಕೆ ಕರೆದು, ಹಿಂದೆಂದೂ ಕಾಣದ ಒಂದು ಪಾಠವನ್ನು ಕೈಗಿತ್ತು, ಕೊನೆಯವರೆಗೆ ಕೇಳಿಸಿಕೊಳ್ಳುವಷ್ಟು ಬಿಡುವು ಸಿಗುವುದು ಅಪರೂಪ. ಸಾಮೂಹಿಕ ಓದಿನಲ್ಲಿ ಎಲ್ಲರ ದನಿಯೂ ಜೋರಾಗಿರುತ್ತದೆ; ಯಾರು ಓದುತ್ತಿದ್ದಾರೆ, ಯಾರು ಪಕ್ಕದವರ ದನಿಗೆ ದನಿ ಸೇರಿಸುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಪಠ್ಯಪುಸ್ತಕದ ಪಾಠ ಬಾಯಿಪಾಠವಾಗಿರುವ ಮಗು ಬೆರಳನ್ನು ಒಂದು ಸಾಲಿನ ಮೇಲಿಟ್ಟು ಇನ್ನೊಂದು ಸಾಲನ್ನು ಸೊಗಸಾಗಿ ಒಪ್ಪಿಸುತ್ತದೆ. ಇಂಥ ಕಡೆ ಫೋನಿನ ಆ್ಯಪ್ ಒಂದು ನನ್ನ ಬದಲು ಕೇಳಿಸಿಕೊಳ್ಳುತ್ತದೆ ಎಂದರೆ ಬೇಡ ಎನ್ನಲು ನನಗೇನು ಹುಚ್ಚೇ? ನನ್ನ ತಕರಾರು ಇರುವುದು ಕೇಳಿಸಿಕೊಂಡ ಮೇಲೆ ಅದು ಕೊಡುವ ತೀರ್ಪಿನ ಬಗ್ಗೆ: ಈ ಮಗು ಎಷ್ಟು ಓದುತ್ತದೆ, ಇದಕ್ಕೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಾಗಿದ್ದೂ ಓದು ಹತ್ತದ ತೊಂದರೆ, ಇದೆಯೇ ಎಂಬ ತೀರ್ಪು.

ಮೊದಲು ಈ ಪದಗಳ ಎಣಿಕೆಯನ್ನೇ ನೋಡೋಣ. ‘ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ’ ಎಂಬ ವಾಕ್ಯದಲ್ಲಿ ಮೂರು ಪದಗಳಿವೆ. ಇದನ್ನೇ ಹಿಂದಿಯಲ್ಲಿ ‘ಲಡಕೀ ಸ್ಕೂಲ್ ಜಾ ರಹೀ ಹೈ’ ಎಂದರೆ ಐದು ಪದ. ಅಕ್ಷರಗಳನ್ನು ಎಣಿಸಿದರೆ ಕನ್ನಡದಲ್ಲಿ 11, ಹಿಂದಿಯಲ್ಲಿ 9. ಅಂದರೆ ನಮ್ಮ ಮಗು ಹೆಚ್ಚು ಅಕ್ಷರ ಓದಿ ಕಡಿಮೆ ಅಂಕ ಪಡೆಯುತ್ತದೆ. ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲವನ್ನೂ ಒಂದೇ ಪದಕ್ಕೆ ಅಂಟಿಸುವ ಭಾಷೆಗೂ ಬಿಡಿಬಿಡಿಯಾಗಿ ಇಡುವ ಭಾಷೆಗೂ ಒಂದೇ ಸಂಖ್ಯೆ ಹೊಂದುವುದಿಲ್ಲ. 2022ರ ಮಾರ್ಚ್‌ನಲ್ಲಿ ಎನ್‌ಸಿಇಆರ್‌ಟಿ ನಡೆಸಿದ ಬುನಾದಿ ಕಲಿಕೆಯ ಅಧ್ಯಯನ ಈ ತೊಡಕನ್ನು ಗಮನಕ್ಕೆ ತೆಗೆದುಕೊಂಡಿತು. ಸುಮಾರು 10,000 ಶಾಲೆಗಳ 86,000ದಷ್ಟು ಮೂರನೆಯ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಿ, 20 ಭಾಷೆಗಳಿಗೆ ಪ್ರತ್ಯೇಕ ಮಟ್ಟಗಳನ್ನು ಗುರುತಿಸಿತು. ಒಳ್ಳೆಯ ಕೆಲಸ. ನಮ್ಮ ಶಾಲೆಯ ಗೋಡೆಯ ಮೇಲಿನ ಚಾರ್ಟಿನಲ್ಲಿ ಮಾತ್ರ ಈಗಲೂ 60 ಎಂದೇ ಇದೆ.

ಪದಕ್ಕಿಂತ ಒಳಗೆ ಹೋದರೆ ಅಕ್ಷರ. ಇಂಗ್ಲಿಷ್ ಕಲಿಯುವ ಮಗುವಿನ ಮುಂದೆ 26 ಚಿಹ್ನೆಗಳಿರುತ್ತವೆ. ಅವುಗಳ ಉಚ್ಚಾರಣೆಯ ಗೊಂದಲ ಆ ಭಾಷೆಯ ತಲೆನೋವು. ಕನ್ನಡದಲ್ಲಿ ಬರೆದಂತೆ ಓದಬಹುದು, ಆದರೆ ಚಿಹ್ನೆಗಳ ರಾಶಿ ದೊಡ್ಡದು. 34 ವ್ಯಂಜನಗಳಿಗೆ ಸ್ವರಗಳು ಸೇರಿ ನಾನೂರಕ್ಕೂ ಹೆಚ್ಚು ಗುಣಿತಾಕ್ಷರಗಳಾಗುತ್ತವೆ; ಅದರ ಮೇಲೆ ಒತ್ತಕ್ಷರಗಳು. ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಕ್ಷರಗಳ ಕಲಿಕೆ ಇಲ್ಲಿ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ನಡೆದೇ ಇರುತ್ತದೆ ಎಂದು ತೋರಿಸಿದ್ದಾರೆ. ತರಗತಿಯಲ್ಲಿ ನಿಂತವರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಬೇರೆ ದೇಶದ ಅಳತೆಗೋಲನ್ನು ತಂದು ‘ಎರಡನೆಯ ತರಗತಿಗೆ ಅಕ್ಷರಜ್ಞಾನ ಪೂರ್ಣವಾಗಿರಬೇಕು’ ಎನ್ನುವವರಿಗೆ ತೋರಿಸಲು ಒಂದು ಆಧಾರವಾಯಿತು.

ಕನ್ನಡದ ಮಗು ಮಾಡುವ ತಪ್ಪುಗಳೂ ಕನ್ನಡದವೇ. ‘ವು’ ಮತ್ತು ‘ಮ’ ಬೆರೆತುಹೋಗುತ್ತವೆ. ‘ಸೂರ್ಯ’ ಎಂಬುದನ್ನು ‘ಸೂಯರ’ ಎಂದು ಓದುತ್ತದೆ. ಪಾಪ, ಮೊದಲು ಉಚ್ಚರಿಸಬೇಕಾದ ರಕಾರವನ್ನು ನಾವು ಯಕಾರದ ಆಚೆ ಬರೆದಿಟ್ಟಿದ್ದೇವೆ, ಮಗು ಇದ್ದ ಸಾಲಿನಲ್ಲಿ ಓದಿದೆ. ಒತ್ತು ಕೆಳಗಿರುವುದರಿಂದ ಕಣ್ಣು ಮೇಲಿನ ಸಾಲಿನಲ್ಲೇ ಜಾರಿ ‘ಹಳ್ಳಿ’ ‘ಹಳಿ’ಯಾಗುತ್ತದೆ. ಎರಡನೆಯ ತರಗತಿಯಲ್ಲಿ ಇವೆಲ್ಲ ಕಲಿಕೆಯ ಹಾದಿಯ ಸಹಜ ತಪ್ಪುಗಳು. ಐದನೆಯ ತರಗತಿಯಲ್ಲೂ ಹಾಗೆಯೇ ಉಳಿದರೆ ನಿಂತು ನೋಡಬೇಕಾದ ಸೂಚನೆ. ಯಾವ ತಪ್ಪು ಯಾವ ವಯಸ್ಸಿನಲ್ಲಿ ಎಷ್ಟು ಸಾಮಾನ್ಯ ಎಂಬ ಲೆಕ್ಕ ಕೈಯಲ್ಲಿಲ್ಲದ ಯಂತ್ರ, ಡಿಸ್ಲೆಕ್ಸಿಯಾ ಬಗ್ಗೆ ಬಾಯಿ ತೆರೆಯಬಾರದು.

ಇನ್ನೊಂದು ಸಣ್ಣ ಸಂಗತಿ. ನಲಿ–ಕಲಿಯಲ್ಲಿ ನಾವು ವರ್ಣಮಾಲೆಯ ಸರದಿ ಹಿಡಿಯುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭಿಸಿ ಜ, ವ, ಮ, ಬ, ನ ಎಂದು ಮುಂದುವರಿಯುತ್ತೇವೆ. ಬರೆಯಲು ಸುಲಭವಾದ, ರೂಪದಲ್ಲಿ ಹತ್ತಿರವಿರುವ, ಕೂಡಿಸಿದರೆ ಬೇಗ ಪದವಾಗುವ ಅಕ್ಷರಗಳು ಮೊದಲು. ಅ, ಆ, ಇ, ಈ ಎಂದು ಪರದೆಯ ಮೇಲೆ ಒಂದೊಂದಾಗಿ ತೋರಿಸುವ ಆ್ಯಪ್ ಮುಂದೆ ಕುಳಿತ ನಮ್ಮ ಒಂದನೆಯ ತರಗತಿಯ ಮಗು ಎರಡನೆಯ ಅಕ್ಷರಕ್ಕೇ ಸುಮ್ಮನಾಗುತ್ತದೆ. ‘ಅಪಾಯದ ಅಂಚಿನಲ್ಲಿದೆ’ ಎಂದು ಕಿತ್ತಳೆ ಬಣ್ಣದ ಚುಕ್ಕೆ ಬೀಳುತ್ತದೆ. ಅದೇ ಮಗು ‘ಸರ’, ‘ಗರಗಸ’ ಎಂದು ಓದಬಲ್ಲದು.

ಮಕ್ಕಳ ಓದನ್ನು ಕೇಳಿಸಿಕೊಂಡು ತಾನೇ ಅಂಕ ಕೊಡುವ ತಂತ್ರಾಂಶಗಳು ಕೆಲವು ವರ್ಷಗಳಿಂದ ಬರುತ್ತಿವೆ. 2019ರಲ್ಲಿ ಗೂಗಲ್ ಭಾರತದಲ್ಲಿ ‘ಬೋಲೋ’ ಎಂಬ ಓದಿನ ಆ್ಯಪ್ ಬಿಡುಗಡೆ ಮಾಡಿತು. ಮುಂದೆ ಅದೇ ‘ರೀಡ್ ಅಲಾಂಗ್’ ಆಯಿತು. ಆಮೇಲೆ ದೊಡ್ಡವರು, ಸಣ್ಣವರು ಅನೇಕರು ಈ ಕಣಕ್ಕೆ ಇಳಿದರು. ನಮ್ಮ ಶಾಲೆಗೂ ಅಂಥದೊಂದು ಆ್ಯಪ್ ಹಿಡಿದು ಬೆಂಗಳೂರಿನಿಂದ ಇಬ್ಬರು ಹುಡುಗರು ಬಂದಿದ್ದರು. ಒಳ್ಳೆಯ ಹುಡುಗರು, ನೆಲದ ಮೇಲೆ ಮಕ್ಕಳ ಜೊತೆಯೇ ಕುಳಿತು ಬಿಸಿಯೂಟ ಉಂಡರು. ‘ನೀವು ಏನೂ ಮಾಡಬೇಕಾಗಿಲ್ಲ ಮೇಡಂ, ಫೋನ್ ಹಿಡಿದರೆ ಸಾಕು’ ಎಂದರು. ಏನೂ ಮಾಡಬೇಕಾಗಿಲ್ಲ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

ಮಾತನ್ನು ಬರಹವಾಗಿಸುವ ತಂತ್ರಾಂಶ ಕಿವಿಗೆ ಬಿದ್ದ ಸದ್ದನ್ನಷ್ಟೇ ನಂಬುವುದಿಲ್ಲ. ಇಂಥ ಪದದ ಪಕ್ಕದಲ್ಲಿ ಇಂಥ ಪದ ಬರುವ ಸಾಧ್ಯತೆ ಎಷ್ಟು ಎಂಬ ಅಂದಾಜನ್ನೂ ಇಟ್ಟುಕೊಂಡಿರುತ್ತದೆ. ಸದ್ದು ಅಸ್ಪಷ್ಟವಾದಾಗ ಆ ಅಂದಾಜಿನ ಕಡೆಗೆ ವಾಲುತ್ತದೆ. ನಾವು ಸಂದೇಶ ಬರೆಸುವಾಗ ಇದು ವರ. ತಡವರಿಸಿದರೂ, ಅರ್ಧ ನುಂಗಿದರೂ, ಒಂದೇ ಪದವನ್ನು ಎರಡು ಸಲ ಹೇಳಿದರೂ ತಿದ್ದಿ ಚೊಕ್ಕ ವಾಕ್ಯ ಮಾಡಿಕೊಡುತ್ತದೆ. ಮಗುವಿನ ಓದನ್ನು ಅಳೆಯುವಾಗ ಬೇಕಾದದ್ದು ಇದಕ್ಕೆ ನೇರ ವಿರುದ್ಧ. ತಡವರಿಕೆಯೇ ಅಲ್ಲಿ ಮಾಹಿತಿ, ನುಂಗಿದ ಒತ್ತೇ ಅಲ್ಲಿ ಸಾಕ್ಷಿ. ಒಂದು ಸಂಜೆ ನನ್ನ ಫೋನಿನ ಧ್ವನಿ ಟೈಪಿಂಗ್ ತೆರೆದು, ಮಕ್ಕಳು ಓದುವ ಹಾಗೆಯೇ ‘ಕತೆ ಹೊರೆ ಹೊತಿತು’ ಎಂದು ಓದಿದೆ. ಪರದೆಯ ಮೇಲೆ ‘ಕತ್ತೆ ಹೊರೆ ಹೊತ್ತಿತು’ ಎಂದು ಮೂಡಿತು. ಎಷ್ಟು ಜಾಣ ಯಂತ್ರ, ನನ್ನ ಕೆಲಸಕ್ಕೆ ಅಷ್ಟೇ ಅಪಾಯಕಾರಿ.

ಇನ್ನೊಂದು ಕಡೆಯಿಂದಲೂ ಪೆಟ್ಟು. ನಾನು ಇರುವುದು ಪಾವಗಡದ ಕಡೆ. ನಮ್ಮ ಶಾಲೆಯ ಬಹಳಷ್ಟು ಮನೆಗಳಲ್ಲಿ ತೆಲುಗು. ತಾಂಡಾದ ಮಕ್ಕಳ ಮನೆಮಾತು ಲಂಬಾಣಿ. ಕನ್ನಡ ಮಾತನಾಡುವ ಮನೆಗಳಲ್ಲೂ ಹಕಾರ ಉಳಿಯುವುದಿಲ್ಲ, ಶಕಾರ ಸಕಾರವಾಗುತ್ತದೆ. ‘ಹಾಲು’ ಎಂದು ಬರೆದಿರುವುದನ್ನು ‘ಆಲು’ ಎಂದು ಓದಿದ ಮಗು ಓದಿನಲ್ಲಿ ತಪ್ಪಿಲ್ಲ. ಅದರ ಮನೆಯಲ್ಲಿ ಹಾಲನ್ನು ಆಲು ಎಂದೇ ಕುಡಿಯುತ್ತಾರೆ. ಅಕ್ಷರ ಗುರುತಿಸಿದೆ, ಅರ್ಥ ತಿಳಿದಿದೆ, ತನ್ನ ಬಾಯಿಗೆ ಒಗ್ಗಿದ ಹಾಗೆ ಹೇಳಿದೆ. ಹುಡುಗರ ಆ್ಯಪ್ ಅದಕ್ಕೆ ಕೆಂಪು ಗೆರೆ ಎಳೆಯಿತು. ಕತ್ತೆಯನ್ನು ಕತೆ ಮಾಡಿದವನಿಗೆ ಹಸಿರು, ಹಾಲನ್ನು ಆಲು ಎಂದವಳಿಗೆ ಕೆಂಪು. ಬಿಡಬೇಕಾದ್ದನ್ನು ಹಿಡಿದು ಹಿಡಿಯಬೇಕಾದ್ದನ್ನು ಬಿಟ್ಟರೆ ಒಟ್ಟು ಅಂಕದಲ್ಲಿ ಎರಡೂ ಒಂದಕ್ಕೊಂದು ವಜಾ ಆಗಿ ಸಂಖ್ಯೆ ನೋಡಲು ಸರಿಯಾಗಿಯೇ ಕಾಣುತ್ತದೆ.

ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಮಗುವಿನ ಮುಂದಿರುವ ಪಾಠ ಯಾವುದೆಂದು ಮೊದಲೇ ಗೊತ್ತಿರುವುದರಿಂದ, ಕೇಳಿದ ಸದ್ದನ್ನು ಆ ಪಾಠದ ಅಕ್ಷರ ಅಕ್ಷರಕ್ಕೂ ಹೊಂದಿಸಿ ನೋಡುವ ವಿಧಾನಗಳಿವೆ. ಓದಿನ ಪರೀಕ್ಷೆಗೆ ಅವು ಹೆಚ್ಚು ತಕ್ಕವು. ಆದರೆ ಅವಕ್ಕೂ ಮಕ್ಕಳ ದನಿಯ ಪರಿಚಯ ಬೇಕು. ಮಕ್ಕಳ ಧ್ವನಿನಾಳ ಚಿಕ್ಕದು, ಸ್ವರದ ಏರು ಹೆಚ್ಚು, ಮಾತಿನ ಗತಿ ಏರುಪೇರು. ದೊಡ್ಡವರ ಮಾತು ಕೇಳಿ ಕಲಿತ ಯಂತ್ರ ಮಕ್ಕಳ ಮುಂದೆ ಮುಗ್ಗರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಮಾತನ್ನು ಧ್ವನಿಮುದ್ರಿಸುತ್ತಿದೆ. ಬೀದರಿನ ಕನ್ನಡ, ಕುಂದಾಪುರದ ಕನ್ನಡ, ಪಾವಗಡದ ಕನ್ನಡ ಎಲ್ಲವೂ ಯಂತ್ರದ ಕಿವಿಗೆ ಬೀಳಬೇಕೆಂಬ ಆ ಹಾದಿ ಸರಿಯಾದದ್ದು. ತಡವರಿಸಿ ಓದುವ ಎಂಟು ವರ್ಷದ ಮಕ್ಕಳ ದನಿಗೂ ಅಂಥದೊಂದು ಸಂಗ್ರಹ ಬೇಕಾಗಿದೆ.

ನಾನು ಮಾಡಿದ್ದು ಇಷ್ಟೇ: ಆ್ಯಪ್ ಕೊಟ್ಟ ಅಂಕವನ್ನು ವರದಿಗೆ ಬಿಟ್ಟು, ಧ್ವನಿಮುದ್ರಣವನ್ನು ನನಗೆ ಇಟ್ಟುಕೊಂಡೆ. ಮನೆಗೆಲಸ ಮುಗಿದ ಮೇಲೆ ಪಾಠದ ಪ್ರತಿಯೊಂದನ್ನು ಮುಂದಿಟ್ಟುಕೊಂಡು, ಪೆನ್ಸಿಲ್ ಹಿಡಿದು, ಒಂದೊಂದೇ ಓದನ್ನು ಕೇಳಿದೆ. ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ಕೇಳಿದೆ. ತರಗತಿಯಲ್ಲಿ ಮಗು ಒಮ್ಮೆ ಓದಿದ್ದು ಗಾಳಿಗೆ ಹೋಗುತ್ತದೆ. ಆಗ ನನ್ನ ಕಿವಿ ಅರ್ಧ ಅದರ ಮೇಲೆ, ಅರ್ಧ ಹಿಂದೆ ಜಗಳವಾಡುತ್ತಿರುವವರ ಮೇಲೆ. ‘ತಪ್ಪು, ಮತ್ತೆ ಓದು’ ಎಂದು ಬಾಯಿ ತಾನಾಗಿ ಹೇಳಿಬಿಡುತ್ತದೆ. ಫೋನ್ ಹಾಗೆ ನಡುವೆ ಬಾಯಿ ಹಾಕುವುದಿಲ್ಲ, ಮುಖ ಸಿಂಡರಿಸುವುದಿಲ್ಲ. ಅದರ ಮುಂದೆ ಮಕ್ಕಳು ನನ್ನ ಮುಂದೆ ಓದುವುದಕ್ಕಿಂತ ನಿಧಾನವಾಗಿ, ಹೆಚ್ಚು ಪ್ರಾಮಾಣಿಕವಾಗಿ ತಡವರಿಸುತ್ತಾರೆ.

ನಾಲ್ಕನೆಯ ತರಗತಿಯ ಒಬ್ಬ ಹುಡುಗನ ಓದು ನನ್ನನ್ನು ಹಿಡಿದು ನಿಲ್ಲಿಸಿದ್ದು ಹೀಗೆ. ಗುಣಿತಾಕ್ಷರಗಳು ಅವನಿಗೆ ಬರುತ್ತವೆ, ಆದರೆ ಪ್ರತಿಯೊಂದಕ್ಕೂ ಒಂದು ಕ್ಷಣ ತೆಗೆದುಕೊಳ್ಳುತ್ತಾನೆ. ‘ಅಮ್ಮ’ ಎಂದು ಥಟ್ಟನೆ ಓದುತ್ತಾನೆ. ಅದೇ ಮಕಾರದ ಒತ್ತು ‘ತಿಮ್ಮಪ್ಪ’ ಎಂಬಲ್ಲಿ ಬಂದರೆ ಗುರುತೇ ಸಿಗದು. ಅಂದರೆ ‘ಅಮ್ಮ’ವನ್ನು ಅವನು ಓದಿದ್ದಲ್ಲ, ಇಡಿಯಾಗಿ ನೆನಪಿಟ್ಟುಕೊಂಡದ್ದು. ಒಂದೇ ಪದ ಮೂರನೆಯ ಸಾಲಿನಲ್ಲಿ ಬಂದಾಗ ಹೆಣಗಿದ. ಐದನೆಯ ಸಾಲಿನಲ್ಲಿ ಮತ್ತೆ ಬಂದಾಗ ಹೊಸದೆಂಬಂತೆ ಮೊದಲಿನಿಂದ ಅಕ್ಷರ ಕೂಡಿಸಿದ. ‘ಕತೆ ಹೊರೆ ಹೊತಿತು’ ಎಂದು ಓದಿದಾಗ ನಗಲಿಲ್ಲ. ತರಲೆ ಹುಡುಗ ಅವನು. ಕತೆಯೊಂದು ಹೊರೆ ಹೊತ್ತು ಹೊರಟಿದೆ ಎಂದರೆ ನಗದೆ ಇರುವವನಲ್ಲ. ಅರ್ಥದ ಕಡೆ ನೋಡಲು ಪುರುಸೊತ್ತೇ ಇರಲಿಲ್ಲ ಅವನಿಗೆ. ಇದೇ ಕತೆಯನ್ನು ಇನ್ನೊಂದು ದಿನ ಫೋನಿನಲ್ಲಿ ಕೇಳಿಸಿ ಪ್ರಶ್ನೆ ಕೇಳಿದರೆ ಎಲ್ಲಕ್ಕೂ ಉತ್ತರ ಸಿದ್ಧ. ಜೊತೆಗೆ ಕತ್ತೆಯ ಮಾಲೀಕನ ದಡ್ಡತನದ ಬಗ್ಗೆ ಅವನದೇ ಒಂದು ಟಿಪ್ಪಣಿ. ಕೇಳಿ ತಿಳಿಯುವುದಕ್ಕೂ ಓದಿ ತಿಳಿಯುವುದಕ್ಕೂ ನಡುವೆ ಇಷ್ಟು ದೊಡ್ಡ ಕಂದರ ಇದ್ದಾಗ ಡಿಸ್ಲೆಕ್ಸಿಯಾದ ಅನುಮಾನ ಬರಬೇಕು. ಆ್ಯಪ್ ಕೊಟ್ಟ ಸಂಖ್ಯೆಗಳ ಹಾಳೆಯಲ್ಲಿ ಇದಾವುದೂ ಇರಲಿಲ್ಲ. ಅಲ್ಲಿದ್ದದ್ದು ನಿಮಿಷಕ್ಕೆ ಇಷ್ಟು ಪದ ಎಂಬ ಒಂದು ಅಂಕಿ, ಅಷ್ಟೇ.

ಆ ಅಂಕಿಯ ಪಕ್ಕದಲ್ಲೇ ಅದೇ ಅಂಕಿಯ ಇನ್ನೊಬ್ಬಳಿದ್ದಳು. ಅಪ್ಪ ಅಮ್ಮನ ಜೊತೆ ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗಿ, ವರ್ಷದ ಬಹುಭಾಗ ಶಾಲೆಯ ಮುಖವನ್ನೇ ನೋಡದೆ ಜೂನ್‌ನಲ್ಲಿ ಹಿಂದಿರುಗಿದ ಹುಡುಗಿ. ಹಾಳೆಯ ಪ್ರಕಾರ ಇಬ್ಬರೂ ಒಂದೇ. ನಮ್ಮ ದೇಶದಲ್ಲಿ ಡಿಸ್ಲೆಕ್ಸಿಯಾ ಗುರುತಿಸುವುದರ ನಿಜವಾದ ಕಷ್ಟ ಇರುವುದು ಇಲ್ಲೇ. ಮನೆಮನೆಗೆ ಹೋಗಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿಯ ಪ್ರಕಾರ, ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇ. 42.8 ಮಾತ್ರ; ಕೊರೊನಾಕ್ಕೆ ಮೊದಲು, 2018ರಲ್ಲಿ, ಇದು ಶೇ. 50.5 ಇತ್ತು. ಡಿಸ್ಲೆಕ್ಸಿಯಾ ಇರುವವರು ಸಾಮಾನ್ಯ ಅಂದಾಜಿನ ಪ್ರಕಾರ ನೂರಕ್ಕೆ ಐದರಿಂದ ಹತ್ತು ಮಂದಿ. ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಓದು ಬಾರದ ಕಡೆ ಆ ಐದೋ ಹತ್ತೋ ಮಂದಿ ಯಾರೆಂದು ಹುಡುಕುವುದು ಹೇಗೆ? ಬುದ್ಧಿ ಚುರುಕಾಗಿದ್ದೂ, ಸರಿಯಾಗಿ ಕಲಿಸಿದ ಮೇಲೂ, ಅಕ್ಷರವನ್ನು ಸದ್ದಿಗೆ ಜೋಡಿಸುವುದು ಸರಾಗವಾಗದಿದ್ದರೆ ಅದು ಡಿಸ್ಲೆಕ್ಸಿಯಾ. ‘ಸರಿಯಾಗಿ ಕಲಿಸಿದ ಮೇಲೂ’ ಎಂಬ ಷರತ್ತು ಸ್ವೀಡನ್ನಿನ ಶಾಲೆಯಲ್ಲಿ ತಾನಾಗಿ ಪೂರೈಸಿರುತ್ತದೆ. ನಮ್ಮಲ್ಲಿ ಅದನ್ನು ಮೊದಲು ಪೂರೈಸಬೇಕು.

ಅಂಗನವಾಡಿಯ ತಕ್ಕಡಿ ಮಗುವಿನ ತೂಕ ಹೇಳುತ್ತದೆ. ತೂಕ ಯಾಕೆ ಕಡಿಮೆ ಎಂದು ಹೇಳುವುದಿಲ್ಲ. ಅದಕ್ಕೇ ಕಾರ್ಯಕರ್ತೆ ಪ್ರತಿ ತಿಂಗಳೂ ತೂಗಿ ಬೆಳವಣಿಗೆ ಪಟ್ಟಿಯಲ್ಲಿ ಚುಕ್ಕೆ ಇಡುತ್ತಾಳೆ, ಚುಕ್ಕೆಗಳ ಗೆರೆ ಏರುತ್ತಿದೆಯೋ ಇಲ್ಲವೋ ನೋಡುತ್ತಾಳೆ. ಓದಿಗೂ ಇದೇ ದಾರಿ. ಇಬ್ಬರಿಗೂ ಒಂದೇ ಬಗೆಯಲ್ಲಿ, ಗುಣಿತದಿಂದ ಹಿಡಿದು ಒತ್ತಕ್ಷರದವರೆಗೆ, ಬಿಡದೆ ಕಲಿಸಿದೆ. ಆಗಾಗ ಹೊಸ ಪಾಠ ಕೊಟ್ಟು ಧ್ವನಿಮುದ್ರಿಸಿದೆ. ದೀಪಾವಳಿಯ ಹೊತ್ತಿಗೆ ಹುಡುಗಿಯ ಗೆರೆ ಏರಿ ತರಗತಿಯ ನಡುಮಟ್ಟ ಮುಟ್ಟಿತ್ತು. ಹುಡುಗನದು ಕದಲಿತ್ತು, ಅಷ್ಟೇ. ತಪ್ಪುಗಳು ಕಡಿಮೆಯಾಗಿದ್ದವು, ನಿಧಾನ ಹಾಗೆಯೇ ಇತ್ತು. ಬರೆದಂತೆ ಓದುವ ಭಾಷೆಗಳಲ್ಲಿ ಡಿಸ್ಲೆಕ್ಸಿಯಾ ತಪ್ಪಿಗಿಂತ ಹೆಚ್ಚಾಗಿ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ ಎಂದು ಜರ್ಮನ್, ಫಿನ್ನಿಶ್ ಮಕ್ಕಳ ಅಧ್ಯಯನಗಳು ಬಹಳ ಹಿಂದೆಯೇ ಹೇಳಿವೆ. ಈ ಬಗೆಯ ಅಳತೆಗೆ, ಅಂದರೆ ಬೇಸರವಿಲ್ಲದೆ ಪದೇ ಪದೇ ಒಂದೇ ರೀತಿಯಲ್ಲಿ ಅಳೆಯುವುದಕ್ಕೆ, ಯಂತ್ರಕ್ಕಿಂತ ಒಳ್ಳೆಯ ಜೊತೆ ಇಲ್ಲ. ಒಂದೇ ಬೈಠಕ್ಕಿನಲ್ಲಿ ತೀರ್ಪು ಕೊಡುತ್ತೇನೆ ಎಂದಾಗ ಮಾತ್ರ ಅದನ್ನು ನಂಬಬೇಡಿ.

ಒಂದೇ ಬೈಠಕ್ಕಿನ ತೀರ್ಪು ಎಂದಾಗ ನೆನಪಾಗುವುದು ಕಣ್ಣಿನ ಚಲನೆ ಅಳೆಯುವ ಉಪಕರಣಗಳು. ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ನುಣ್ಣಗೆ ಸರಿಯುವುದಿಲ್ಲ. ಜಿಗಿಯುತ್ತದೆ, ಕಾಲು ಸೆಕೆಂಡಿನಷ್ಟು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ, ಒಮ್ಮೊಮ್ಮೆ ಹಿಂದಕ್ಕೂ ಬರುತ್ತದೆ. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಸಂಶೋಧಕರು 185 ಮಕ್ಕಳ ಕಣ್ಣಿನ ಜಾಡನ್ನು ಕಂಪ್ಯೂಟರಿಗೆ ಉಣಿಸಿ, ಡಿಸ್ಲೆಕ್ಸಿಯಾದ ಅಪಾಯ ಇರುವವರನ್ನು ಇಲ್ಲದವರಿಂದ ಶೇ. 95.6ರಷ್ಟು ನಿಖರವಾಗಿ ಬೇರ್ಪಡಿಸಬಹುದೆಂದು 2016ರಲ್ಲಿ ಪ್ರಕಟಿಸಿದರು. ಸೊಗಸಾದ ಕೆಲಸವೇ. ಆದರೆ ಆ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಅಪಾಯದ ಕಡೆಯವರು, ಇನ್ನರ್ಧ ಚೆನ್ನಾಗಿ ಓದುವವರು. ನಮ್ಮ ತರಗತಿಗಳು ಹಾಗಿರುವುದಿಲ್ಲ. ಒಂದು ತಾಲ್ಲೂಕಿನ 1,000 ಮಕ್ಕಳಲ್ಲಿ 50 ಮಂದಿಗೆ ಡಿಸ್ಲೆಕ್ಸಿಯಾ ಇದೆ ಎನ್ನಿ. ಇದ್ದವರನ್ನು ಇದೆ ಎಂದೂ ಇಲ್ಲದವರನ್ನು ಇಲ್ಲ ಎಂದೂ ಶೇ. 95ರಷ್ಟು ಸರಿಯಾಗಿ ಹೇಳುವ ಉಪಕರಣ ಆ 50ರಲ್ಲಿ 47ರಿಂದ 48 ಮಂದಿಯನ್ನು ಹಿಡಿಯುತ್ತದೆ. ಉಳಿದ 950 ಮಂದಿಯಲ್ಲಿ ಶೇ. 5ರಷ್ಟು, ಅಂದರೆ ಮತ್ತೆ 47ರಿಂದ 48 ಮಂದಿಯನ್ನು, ತಪ್ಪಾಗಿ ಅದೇ ಪಟ್ಟಿಗೆ ಸೇರಿಸುತ್ತದೆ. ಪಟ್ಟಿಯಲ್ಲಿ ಇರುವವರಲ್ಲಿ ಅರ್ಧದಷ್ಟು ಮಕ್ಕಳಿಗೆ ಏನೂ ಆಗಿರುವುದಿಲ್ಲ. ಜಾಹೀರಾತಿನಲ್ಲಿ ಈ ಲೆಕ್ಕ ಬರುವುದಿಲ್ಲ.

ಕಣ್ಣಿನ ಜಾಡಿನ ಚಿತ್ರ ನೋಡಿದವರಿಗೆ ಇನ್ನೊಂದು ಭ್ರಮೆ ಹುಟ್ಟುತ್ತದೆ: ತೊಂದರೆ ಕಣ್ಣಿನದು ಎಂದು. ಕಣ್ಣಿನ ವ್ಯಾಯಾಮ, ಬಣ್ಣದ ಕನ್ನಡಕ ಮಾರುವವರು ಅಲ್ಲಿ ಕಾದಿರುತ್ತಾರೆ. ಕಣ್ಣು ಹಿಂದಕ್ಕೆ ಬರುವುದು ಓದು ಕಷ್ಟವಾಗಿರುವುದರಿಂದ. ನನಗೆ ಪರಿಚಯವಿಲ್ಲದ ಲಿಪಿಯನ್ನು ಈಗ ಓದಲು ಕೊಟ್ಟರೆ ನನ್ನ ಕಣ್ಣೂ ಹಾಗೆಯೇ ಕುಣಿಯುತ್ತದೆ. ಆ ಕನ್ನಡಕಗಳಿಗೆ ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2009ರಲ್ಲೇ ಹೇಳಿದೆ.

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಸನ್ ಯೇಟ್‌ಮನ್ ತಂಡದ ‘ರೋರ್’. ಪರದೆಯ ಮೇಲೆ ಒಂದು ಪದ ಕ್ಷಣಕಾಲ ಮಿನುಗಿ ಮಾಯವಾಗುತ್ತದೆ. ಅದು ನಿಜವಾದ ಪದವೋ ಸುಮ್ಮನೆ ಹೆಣೆದದ್ದೋ ಎಂದು ಮಗು ಗುಂಡಿ ಒತ್ತಬೇಕು. ಬಾಯಿ ತೆರೆಯಬೇಕಾಗಿಲ್ಲ. ಇಂಥ ಸರಳ ಆಟದ ಅಂಕವು ಪರೀಕ್ಷಕರು ಎದುರು ಕೂರಿಸಿ ಮಾಡುವ ಓದಿನ ಪರೀಕ್ಷೆಯ ಅಂಕದ ಜೊತೆ ತುಂಬ ಹತ್ತಿರ ಹೊಂದುತ್ತದೆ ಎಂದು ಅವರ 2021ರ ಲೇಖನ ತೋರಿಸಿತು. ಮಗು ಮಾತನಾಡುವುದೇ ಇಲ್ಲವಾದ್ದರಿಂದ ಹಾಲು–ಆಲು ತಕರಾರು ತಾನಾಗಿ ಬಿದ್ದುಹೋಗುತ್ತದೆ. ಕನ್ನಡಕ್ಕೆ ಇದನ್ನು ತರುವಾಗ ಮಾತ್ರ ಪದಗಳನ್ನು ಬೆಂಗಳೂರಿನಲ್ಲಿ ಕುಳಿತು ಆರಿಸಬಾರದು. ‘ಉಳ್ಳಾಗಡ್ಡಿ’ (ಈರುಳ್ಳಿ) ಎಂಬುದು ಪದವೇ ಅಲ್ಲ ಎಂದು ಮೈಸೂರಿನ ಮಗು ಒತ್ತೀತು. ಹುಬ್ಬಳ್ಳಿಯ ಮಗು ದಿನವೂ ಅದನ್ನು ತಿನ್ನುತ್ತದೆ.

ನಮ್ಮಲ್ಲಿ ಏನೂ ಇಲ್ಲವೆಂದು ಕೊರಗಬೇಕಾಗಿಯೂ ಇಲ್ಲ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಸುಮಾರು ಒಂದು ದಶಕದ ಹಿಂದೆ ‘ಡಾಲಿ’ ಎಂಬ ಸಾಧನ ರೂಪಿಸಿತು. ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲೂ ಇದೆ. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳನ್ನು ಗಮನಿಸಲು ಶಿಕ್ಷಕರಿಗೆ ಪ್ರಶ್ನಾವಳಿ, ಆಮೇಲೆ ಮನಶ್ಶಾಸ್ತ್ರಜ್ಞರು ಮಾಡುವ ವಿವರವಾದ ಪರೀಕ್ಷೆ. ಅನುಮಾನಿಸುವವರು ಬೇರೆ, ನಿರ್ಧರಿಸುವವರು ಬೇರೆ ಎಂಬ ಈ ವಿಂಗಡಣೆ ನನಗೆ ಹಿಡಿಸಿತು. ಆ್ಯಪ್‌ಗಳು ಈ ಗೆರೆಯನ್ನೇ ಅಳಿಸಿ ಓಡಾಡುತ್ತಿವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯನ್ನು ಅಂಗವೈಕಲ್ಯದ 21 ಬಗೆಗಳಲ್ಲಿ ಒಂದಾಗಿ ಸೇರಿಸಿದೆ. 2018ರ ಜನವರಿಯ ಮಾರ್ಗಸೂಚಿ ಅದರ ಪ್ರಮಾಣಪತ್ರಕ್ಕೆ ಮಗುವಿಗೆ ಎಂಟು ವರ್ಷ ತುಂಬಿರಬೇಕು ಎಂದಿತು. ಕಾಗದದ ಮೇಲೆ ದಾರಿ ಸ್ಪಷ್ಟ: ಶಾಲೆ ಗುರುತಿಸಬೇಕು, ಮನೆಯವರು ಕರೆದೊಯ್ಯಬೇಕು, ಆಸ್ಪತ್ರೆ ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ನಮ್ಮ ಹಳ್ಳಿಯಿಂದ ಇದು ದಿನಗೂಲಿ ಬಿಟ್ಟು ಹೋಗಬೇಕಾದ ದಾರಿ, ಅದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹೀಗಿರುವಾಗ ಸುಳ್ಳು ಎಚ್ಚರಿಕೆ ಕೊಡುವ ಆ್ಯಪ್ ಬರೀ ತಪ್ಪು ಮಾಡುವುದಿಲ್ಲ, ಕೂಲಿಯನ್ನೂ ತಿನ್ನುತ್ತದೆ.

ಧ್ವನಿಮುದ್ರಣಕ್ಕೆ ಮನೆಯವರ ಒಪ್ಪಿಗೆ ಪಡೆಯಲು ಹೋಗಿದ್ದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಕೇಳುವುದು ಮರ್ಯಾದೆ. ಹುಡುಗನ ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. ವಿಷಯ ಹೇಳಿದೆ. ‘ಇವನ ಅಪ್ಪನಿಗೂ ಓದು ಹತ್ತಲಿಲ್ಲ ಮೇಡಂ. ಲೆಕ್ಕದಲ್ಲಿ ಬಲು ಚುರುಕು, ಪುಸ್ತಕ ಹಿಡಿದರೆ ಬೆವರುತ್ತಿದ್ದ. ಮೇಷ್ಟ್ರು ಹೊಡೆದದ್ದೇ ಹೊಡೆದದ್ದು, ಏಳಕ್ಕೆ ಬಿಟ್ಟ’ ಎಂದರು. ಡಿಸ್ಲೆಕ್ಸಿಯಾ ಕುಟುಂಬದಲ್ಲಿ ಹರಿದು ಬರುತ್ತದೆ. ಹೆತ್ತವರಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಲ್ಲಿ ಅದರ ಸಾಧ್ಯತೆ ಎಷ್ಟೋ ಹೆಚ್ಚು. ಧ್ವನಿ, ವೇಗ, ತಪ್ಪು ಎಲ್ಲ ಅಳೆದ ಆ್ಯಪ್ ಕೇಳದಿದ್ದ ಪ್ರಶ್ನೆಗೆ ಅಜ್ಜಿ ಕೇಳದೆಯೇ ಉತ್ತರ ಕೊಟ್ಟರು.

ಬೆಂಗಳೂರಿನ ಆ ಹುಡುಗರಿಗೆ ಫೋನ್ ಮಾಡಿ ಕೆಲವು ಮಾತು ಹೇಳಿದೆ. ಯಾವ ಸಾಲಿನ ಮೇಲೆ ಬೆರಳಿಟ್ಟರೆ ಆ ಸಾಲಿನ ಓದು ಮತ್ತೆ ಕೇಳಿಸಬೇಕು. ಮನೆಮಾತು ಯಾವುದೆಂದು ಮೊದಲೇ ಕೇಳಿಕೊಳ್ಳಬೇಕು. ಮನೆಯಲ್ಲಿ ಬೇರೆ ಯಾರಿಗಾದರೂ ಓದು ಕಷ್ಟವಾಗಿತ್ತೇ ಎಂಬ ಪ್ರಶ್ನೆ ಇರಬೇಕು. ಅಂಕವನ್ನು ಮಗುವಿಗೆ ತೋರಿಸಬಾರದು. ಮೊದಲ ಮೂರಕ್ಕೆ ಒಪ್ಪಿದರು. ನಾಲ್ಕನೆಯದಕ್ಕೆ, ನಕ್ಷತ್ರಗಳು ಬಂದರೆ ಮಕ್ಕಳಿಗೆ ಖುಷಿಯಾಗುತ್ತದೆ ಎಂದು ವಾದಿಸಿದರು. ನಕ್ಷತ್ರ ಬಾರದವರ ಮುಖವನ್ನು ಅವರು ನೋಡಿಲ್ಲ.

ಹುಡುಗ ಈಗ ಐದನೆಯ ತರಗತಿ. ಪಾಠಗಳನ್ನು ನಾನೇ ಓದಿ ಧ್ವನಿಮುದ್ರಿಸಿ ಕೊಡುತ್ತೇನೆ. ಅವನು ಕೇಳುತ್ತಾ ಸಾಲಿನ ಮೇಲೆ ಬೆರಳು ಸರಿಸುತ್ತಾನೆ. ಒತ್ತಕ್ಷರಗಳನ್ನು ಒಂದೊಂದಾಗಿ, ಕತ್ತೆ–ಕತೆ, ಬಳ್ಳಿ–ಬಳಿ, ಕಡ್ಡಿ–ಕಡಿ ಎಂದು ಜೋಡಿಗಳಲ್ಲಿ, ಮರಳಿನ ಮೇಲೆ ಬರೆಯಿಸುತ್ತಿದ್ದೇನೆ. ಕಿರುಪರೀಕ್ಷೆಯ ಪ್ರಶ್ನೆಗಳನ್ನು ಓದಿ ಹೇಳುತ್ತೇನೆ, ಅವನು ಬಾಯಲ್ಲಿ ಉತ್ತರಿಸುತ್ತಾನೆ. ವೇಗ ಹೇಳಿಕೊಳ್ಳುವಂತಿಲ್ಲ. ತುಮಕೂರಿನಲ್ಲಿ ಪರೀಕ್ಷೆಗೆ ದಿನ ಗೊತ್ತಾಗಿದೆ. ಜೂನ್‌ನ ಓದು, ದೀಪಾವಳಿಯ ಓದು, ಈಗಿನ ಓದು ಮೂರನ್ನೂ ತಪ್ಪುಗಳ ಪಟ್ಟಿಯ ಜೊತೆ ತೆಗೆದುಕೊಂಡು ಹೋಗುತ್ತೇನೆ. ಕೇಳುವಷ್ಟು ಸಮಯ ಅಲ್ಲಿನವರಿಗೆ ಇರುತ್ತದೋ ಇಲ್ಲವೋ ನೋಡಬೇಕು. ಅವನ ಅಪ್ಪ ಯಶವಂತಪುರದಲ್ಲಿ ಮೂಟೆ ಹೊರುವ ಕೆಲಸಕ್ಕೆ ಒಂದು ದಿನ ರಜೆ ಹಾಕಿ ಬರುತ್ತಾರೆ. ದಿನಾಂಕ ತಿಳಿಸಲು ಕರೆ ಮಾಡಿದಾಗ ಎಲ್ಲ ಕೇಳಿಸಿಕೊಂಡು, ‘ಆ ಪರೀಕ್ಷೆಯನ್ನು ನನಗೂ ಮಾಡುತ್ತಾರಾ ಮೇಡಂ?’ ಎಂದರು. ಕೇಳಿ ನೋಡೋಣ ಎಂದಿದ್ದೇನೆ.